ಯಾರಿಗೆ ಅಪರಿಚಿತ?

2024ರ ನವರಾತ್ರಿ ಕಳೆದ ಮೇಲೆ ನಮ್ಮೂರಿನ ವಾಚನಾಲಯದಲ್ಲಿ ಒಂದು ಪ್ರವಾಸ ಕಥನದ ಕಾರ್ಯಕ್ರಮ ಜರಗಿತು. ಮಾತನಾಡಿದವರು ನನ್ನ ಮಿತ್ರರೇ. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಹನ್ನೊಂದು ಜನರ ತಂಡದಲ್ಲಿ ನಾವಿಬ್ಬರೂ ಕೂಡಿಯೇ ಶ್ರೀಲಂಕೆಗೆ ಹೋದವರು. ಒಂದೂವರೆ ಗಂಟೆ ಗೋಡೆಯ ಮೇಲೆ ಚಿತ್ರಗಳು ಓಡಿದವು. ಸಮುದ್ರ, ಸಮುದ್ರದಲ್ಲಿ ಸೂರ್ಯ, ಸೂರ್ಯನ ಮುಂದೆ ಮಿತ್ರರು. ಪರ್ವತ, ಪರ್ವತದ ಮೇಲೆ ಮಂಜು, ಮಂಜಿನಲ್ಲಿ ಮಿತ್ರರ ಪತ್ನಿ. ಚಹಾ ತೋಟದಲ್ಲಿ ಬುಟ್ಟಿ ಹೊತ್ತ ಒಬ್ಬ ಹೆಂಗಸಿನ ಪಕ್ಕದಲ್ಲಿ ನಮ್ಮ ತಂಡದವರೆಲ್ಲ ಸರದಿಯಂತೆ ನಿಂತು ತೆಗೆಸಿಕೊಂಡ ಏಳು ಚಿತ್ರಗಳು. (ಅದರಲ್ಲಿ ಒಂದರಲ್ಲಿ ನಾನೂ ಇದ್ದೇನೆ. ಆ ಸಂಗತಿ ಮುಚ್ಚಿಡುವುದಿಲ್ಲ.) ಕೊನೆಗೆ ಸಭೆಯಿಂದ ಒಬ್ಬ ಹುಡುಗ ಎದ್ದು, "ಆ ದೇಶದಲ್ಲಿ ಒಂಬತ್ತು ಪ್ರಾಂತಗಳುಂಟಲ್ಲ ಸರ್, ಉಳಿದ ಕಡೆ ಹೇಗೆ?" ಎಂದು ಕೇಳಿದ. ಮಿತ್ರರು ನಕ್ಕು, "ಮೂರು ನೋಡಿದರೆ ಸಾಕು. ಉಳಿದವೆಲ್ಲ ಅಪರಿಚಿತ ಪ್ರಾಂತಗಳು. ಅಲ್ಲಿ ನೋಡುವಂಥದ್ದು ಏನಿಲ್ಲ" ಎಂದರು.

ಚಪ್ಪಾಳೆ ಬಿತ್ತು. ಅಭ್ಯಾಸಬಲದಿಂದ ನಾನೂ ತಟ್ಟಿದೆ. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ ಮೇಲೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅಪರಿಚಿತ ಎಂದರೆ ಯಾರಿಗೆ?

ಈ ಪ್ರಶ್ನೆಯನ್ನು ಕೇಳುವ ಹಕ್ಕು ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ಕಾಸರಗೋಡಿನವರಾದ ನಮಗೆ ಇದೆ. ತಿರುವನಂತಪುರದಿಂದ ನೋಡಿದರೆ ನಾವು ಭೂಪಟದ ಕಟ್ಟಕಡೆಯ ಜಿಲ್ಲೆ. ಬೆಂಗಳೂರಿನಿಂದ ನೋಡಿದರೆ ನಾವು ಗೆರೆಯ ಆಚೆಯವರು. ಇಬ್ಬರಿಗೂ ನಾವು ಅಪರಿಚಿತರು. 1992ರಲ್ಲಿ ಬೇಕಲವನ್ನು ಪ್ರವಾಸದ ವಿಶೇಷ ಪ್ರದೇಶವೆಂದು ಆರಿಸಿದರು, 1995ರಲ್ಲಿ ಅದಕ್ಕೆಂದೇ ಒಂದು ನಿಗಮ ಹುಟ್ಟಿತು. ಅಂದಿನಿಂದ ಇಂದಿನವರೆಗೆ ಬಂದ ಬಣ್ಣದ ಕಾಗದಗಳನ್ನೆಲ್ಲ ಓದಿ ನೋಡಿ. ಇದು ಯಾರೂ ಕಾಣದ ತೀರ, ಈಗತಾನೇ ಕಣ್ಣಿಗೆ ಬಿದ್ದದ್ದು ಎನ್ನುವ ಧಾಟಿ. ಇಕ್ಕೇರಿಯ ನಾಯಕರು ಕೋಟೆ ಕಟ್ಟಿಸುವಾಗಲೂ ಅಲ್ಲಿ ಜನ ಇದ್ದರು, ಮೀನು ಹಿಡಿಯುತ್ತಿದ್ದರು, ಮಕ್ಕಳನ್ನು ಹೆತ್ತು ಸಾಕುತ್ತಿದ್ದರು. ನಮ್ಮನ್ನು ಯಾರೋ ಹೀಗೆ 'ಅಪರಿಚಿತ' ಎಂದರೆ ನಾವು ಸಂಪಾದಕರಿಗೆ ಪತ್ರ ಬರೆಯುತ್ತೇವೆ. ಆದರೆ ವಿಮಾನ ಹತ್ತಿ ಒಂದೂವರೆ ಗಂಟೆ ಹಾರಿ ಇನ್ನೊಬ್ಬರ ಊರಿಗೆ ಇಳಿದ ಕೂಡಲೇ ಅದೇ ಮಾತನ್ನು ನಾವು ಆಡುತ್ತೇವೆ. ನನ್ನ ತಕರಾರು ಇಷ್ಟೇ, ಆದರೆ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ನಾನು ಕಲಿಸುತ್ತಿದ್ದ ಶಾಲೆ ಗಡಿಯ ಅಂಚಿನಲ್ಲಿತ್ತು. ಗುಡ್ಡೆ ಇಳಿದರೆ ಸುಳ್ಯದ ಸೀಮೆ. ಅಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳನ್ನು ಈ ಲೇಖನ ಓದುವವರಲ್ಲಿ ಅನೇಕರು ಬಲ್ಲರು. ನಸುಕಿನಲ್ಲಿ ತಲೆಗೆ ದೀಪ ಕಟ್ಟಿ ಟ್ಯಾಪಿಂಗಿಗೆ ಹೋಗುವವರನ್ನು ನಾವು 'ಸಿಲೋನಿನವರು' ಎಂದು ಕರೆಯುತ್ತೇವೆ. ಅವರ ಪೈಕಿ ಒಬ್ಬ ಹಿರಿಯರು, ಈಗ ಕೆಲಸದಿಂದ ನಿವೃತ್ತರು, ನನಗೆ ಮೂವತ್ತು ವರ್ಷದ ಪರಿಚಯ. ಅವರ ಮಗಳು ನನ್ನ ಹತ್ತಿರ ಕನ್ನಡ ಕಲಿತವಳು. ನಾನು ಹೊರಡುವ ಸುದ್ದಿ ಕೇಳಿ ಅವರು ಮನೆಗೆ ಬಂದರು. ಜಗಲಿಯಲ್ಲಿ ಕೂತು ಬೆಲ್ಲ-ನೀರು ಕುಡಿದು ಹೇಳಿದರು: "ಮಾಷ್ಟ್ರೇ, ನೀವು ಸಿಲೋನಿಗೆ ಹೋಗುವುದಂತೆ, ಹೌದಾ? ಬದುಳೆಯ ಹತ್ತಿರ ನಮ್ಮ ತೋಟ. ಆಗುವುದಾದರೆ ನಮ್ಮ ಲೈನು ಉಂಟಾ ಅಂತ ಒಂದು ಸಲ ನೋಡಿಕೊಂಡು ಬನ್ನಿ."

ಮೂವತ್ತು ವರ್ಷದಲ್ಲಿ ನಾನು ಅವರನ್ನು 'ಸಿಲೋನಿನಲ್ಲಿ ಎಲ್ಲಿ?' ಎಂದು ಒಮ್ಮೆಯೂ ಕೇಳಿರಲಿಲ್ಲ. ಬಿನಾಕಾ ಗೀತಮಾಲೆ ಕೇಳಿ ಬೆಳೆದ ನಮಗೆ ಸಿಲೋನ್ ಎಂದರೆ ರೇಡಿಯೊದ ಒಂದು ಸ್ಟೇಷನ್ ಅಷ್ಟೇ ಆಗಿತ್ತು.

ನಮ್ಮ ತಂಡದ ಕಾರ್ಯಕ್ರಮಪಟ್ಟಿಯಲ್ಲಿ ಕೊಲಂಬೊ ಇತ್ತು, ಕ್ಯಾಂಡಿಯ ಪೆರಹೆರ ಇತ್ತು, ನುವರ ಎಲಿಯ, ಸೀತಾ ಎಲಿಯ, ಗಾಲೆ, ಆಮೇಲೆ ಎರಡು ದಿನ ದಕ್ಷಿಣದ ಕಡಲತೀರ. ಪಶ್ಚಿಮ, ಮಧ್ಯ, ದಕ್ಷಿಣ ಎಂಬ ಮೂರು ಪ್ರಾಂತ. ಬದುಳೆ ಇರುವುದು ಊವ ಪ್ರಾಂತದಲ್ಲಿ. ವ್ಯವಸ್ಥೆ ಮಾಡಿದವರನ್ನು ಕೇಳಿದರೆ "ಅದು ನಮ್ಮ ರೂಟಿನಲ್ಲಿ ಬರುವುದಿಲ್ಲ" ಎಂದರು. ಹಾಗಾಗಿ ಕ್ಯಾಂಡಿಯಲ್ಲಿ ನಾನು ಮತ್ತು ನನ್ನ ಹಳೆಯ ಸಹೋದ್ಯೋಗಿ, ಮಲಯಾಳ ವಿಭಾಗದ ಮಾಸ್ತರರು, ಐದು ದಿನಕ್ಕೆ ತಂಡ ಬಿಟ್ಟೆವು. ದುಡ್ಡು ವಾಪಸು ಸಿಗಲಿಲ್ಲ, ಅದು ಬೇರೆ ಮಾತು.

ಕ್ಯಾಂಡಿಯಿಂದ ಬದುಳೆಗೆ ರೈಲು. 1924ರಲ್ಲಿ ಬದುಳೆ ಮುಟ್ಟಿದ ಹಳಿ ಅದು. ಹಾಕಿಸಿದ್ದು ಪ್ರವಾಸಿಗರಿಗಾಗಿ ಅಲ್ಲ, ಚಹಾ ಪೆಟ್ಟಿಗೆಗಳನ್ನು ಬೆಟ್ಟದಿಂದ ಕೊಲಂಬೊ ಬಂದರಿಗೆ ಇಳಿಸುವುದಕ್ಕೆ. ಈಗ ಅದರ ಬಾಗಿಲಲ್ಲಿ ಜೋತು ಬಿದ್ದು ಚಿತ್ರ ತೆಗೆಸಿಕೊಳ್ಳುವುದೇ ಒಂದು ತೀರ್ಥಯಾತ್ರೆ. ಎಲ್ಲ ಎಂಬ ಊರಿನ ಹತ್ತಿರ ದೆಮೋದರದಲ್ಲಿ ಒಂಬತ್ತು ಕಮಾನಿನ ಸೇತುವೆ ಉಂಟು. ಅದರ ಮೇಲೆ ರೈಲು ಬರುವ ಹೊತ್ತಿಗೆ ಎರಡೂ ಬದಿಯಲ್ಲಿ ನಮ್ಮ ಕುಂಬಳೆ ಆಯನದಷ್ಟು ಜನ. ಸೇತುವೆ ಚೆಂದವಾಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಕಾಡುಬೆಟ್ಟದಲ್ಲಿ ಚಹಾದ ದಾರಿ ಕಡಿದವರು ಯಾರು, ಗಿಡ ನೆಟ್ಟವರು ಯಾರು ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಕೇಳಿದ್ದರೆ ಉತ್ತರ ದೂರದಲ್ಲಿರಲಿಲ್ಲ. ಸಿಲೋನಿನ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಎಲೆಗೆ ತುಕ್ಕುರೋಗ ತಗಲಿ ಕೆಲವೇ ವರ್ಷಗಳಲ್ಲಿ ಕಾಫಿ ನಾಶವಾಯಿತು. ಅದಕ್ಕೆ ಎರಡು ವರ್ಷ ಮುಂಚೆ, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಲೂಲ್‌ಕಂದುರ ತೋಟದಲ್ಲಿ ಚಹಾ ಹಾಕಿದ್ದ. ಕಾಫಿ ಹೋಗಿ ಚಹಾ ಬಂತು. ಬದಲಾಗದೆ ಉಳಿದದ್ದು ಕೂಲಿಯಾಳು. ತಿರುನೆಲ್ವೇಲಿ, ರಾಮನಾಡು, ಮಧುರೆ, ತಿರುಚ್ಚಿಯ ಬರಗಾಲದ ಊರುಗಳಿಂದ ಕಂಗಾಣಿಗಳು ಕೂಡಿಸಿ ತಂದ ಜನ. ಸಮುದ್ರ ದಾಟಿ ಮನ್ನಾರಿನಲ್ಲಿ ಇಳಿದು ಕಾಡಿನಲ್ಲಿ ನಡೆದು ಮಾತಳೆ ಮುಟ್ಟುವುದರೊಳಗೆ ಸತ್ತವರು ಎಷ್ಟೋ. ಬದುಕಿ ಉಳಿದವರಿಗೆ ಸಾಲುಮನೆ ಸಿಕ್ಕಿತು, ಹತ್ತಡಿಗೆ ಹನ್ನೆರಡಡಿಯ ಒಂದೊಂದು ಕೋಣೆ. ಅದಕ್ಕೇ ಲೈನು ಎನ್ನುವುದು.

ಮುಂದಿನದನ್ನು ಕಾಸರಗೋಡಿನ ಕನ್ನಡಿಗರು ಸ್ವಲ್ಪ ಗಮನವಿಟ್ಟು ಓದಬೇಕು. 1948ರ ಫೆಬ್ರವರಿಯಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ 18ನೇ ಕಾನೂನು ತೋಟದ ಈ ತಮಿಳರಿಂದ ಪೌರತ್ವ ಕಿತ್ತುಕೊಂಡಿತು. ಮರುವರ್ಷ ಮತದಾನದ ಹಕ್ಕೂ ಹೋಯಿತು. ಏಳು ಲಕ್ಷದಷ್ಟು ಜನ ಮಲಗಿದ್ದಲ್ಲಿಯೇ ದೇಶವಿಲ್ಲದವರಾದರು. 1956ರಲ್ಲಿ ಸಿಂಹಳವೊಂದೇ ರಾಜಭಾಷೆ ಎಂಬ ಕಾನೂನು ಬಂತು. ಆ ಇಸವಿ ನಮಗೆ ಮರೆತುಹೋಗುವಂಥದ್ದಲ್ಲ. ಅದೇ ವರ್ಷ ನವೆಂಬರ್ 1ರಂದು ನಾವೂ ಬೆಳಗ್ಗೆ ಎದ್ದು ಬೇರೆ ರಾಜ್ಯದವರಾದೆವು. ನಮ್ಮದನ್ನೂ ಅವರದನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿ ಇಡಲು ನಾನು ಹೊರಟಿಲ್ಲ. ನಮ್ಮ ಮತ ಯಾರೂ ಕಿತ್ತುಕೊಳ್ಳಲಿಲ್ಲ, ನಮ್ಮ ಮನೆಗೆ ಯಾರೂ ಬೆಂಕಿ ಇಡಲಿಲ್ಲ. ಕಚೇರಿಯಲ್ಲಿ ಅರ್ಥವಾಗದ ಅರ್ಜಿಯ ಮುಂದೆ ತಲೆ ತಗ್ಗಿಸಿ ನಿಂತ ನೆನಪು ಮಾತ್ರ ನಮಗೂ ಉಂಟು. ಆ ಒಂದು ನೆನಪು ಸಾಕು, ಅಲ್ಲಿ ಏನನ್ನು ನೋಡಬೇಕೆಂದು ತಿಳಿಯಲಿಕ್ಕೆ.

1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳೂ ಅವರ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರೂ ಒಂದು ಒಪ್ಪಂದ ಮಾಡಿಕೊಂಡರು. ಒಟ್ಟು 9,75,000 ಜನ. ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ ಒಂದೂವರೆ ಲಕ್ಷದ ವಿಚಾರ ಆಮೇಲೆ ನೋಡುವ ಎಂದರು. 1974ರಲ್ಲಿ ಅದನ್ನೂ 75,000ದಂತೆ ಸಮಪಾಲು ಮಾಡಿದರು. ಅಣ್ಣತಮ್ಮಂದಿರು ಅಂಗಳದಲ್ಲಿ ಕೂತು ಅಡಿಕೆ ಪಾಲು ಹಾಕುವಾಗಲೂ ಇಷ್ಟು ನಿರ್ಭಾವದಿಂದ ಹಾಕುವುದಿಲ್ಲ. ಪಾಲಿಗೆ ಬಂದವರನ್ನು ತಲೈಮನ್ನಾರಿನಲ್ಲಿ ಹಡಗು ಹತ್ತಿಸಿ ರಾಮೇಶ್ವರದಲ್ಲಿ ಇಳಿಸಿ ಮಂಡಪಂ ಶಿಬಿರದಲ್ಲಿ ಇರಿಸಿ, ಅಲ್ಲಿಂದ ನೀಲಗಿರಿಯ ಸರಕಾರಿ ಚಹಾ ತೋಟಕ್ಕೆ ಕೆಲವರು, ಪುನಲೂರಿನ ರಬ್ಬರಿಗೆ ಕೆಲವರು, ವಯನಾಡಿನ ಕಂಬಮಲೆಗೆ ಕೆಲವರು, ನಮ್ಮ ಸುಳ್ಯ-ಪುತ್ತೂರಿಗೆ ಕೆಲವರು. ನಮ್ಮ ಹಿರಿಯರು ಹನ್ನೆರಡನೆಯ ವಯಸ್ಸಿನಲ್ಲಿ ಹೀಗೆ ಬಂದವರು. ಚಹಾ ಬಿಟ್ಟು ರಬ್ಬರು ಕಲಿತರು, ತಮಿಳಿನ ಮೇಲೆ ತುಳು ಕಲಿತರು, ಕನ್ನಡ ಕಲಿತರು.

ಮಲಯಾಳದ ಓದುಗರಿಗೆ ಗವಿ ಎಂದರೆ ಗೊತ್ತು. 2012ರಲ್ಲಿ 'ಆರ್ಡಿನರಿ' ಎಂಬ ಸಿನೆಮಾ ಬಂದ ಮೇಲೆ ಪತ್ತನಂತಿಟ್ಟದ ಆ ಕಾಡಿಗೆ ಬಸ್ಸು ಸಾಲದಷ್ಟು ಜನ. ಮಂಜು ನೋಡುತ್ತಾರೆ, ಆನೆ ನೋಡುತ್ತಾರೆ. ಅಲ್ಲಿ ಏಲಕ್ಕಿ ತೋಟದಲ್ಲಿ ದುಡಿದವರು, ಈಗ ಪ್ರವಾಸಿಗರಿಗೆ ದಾರಿ ತೋರಿಸುವವರು, ಅದೇ ಒಪ್ಪಂದದಲ್ಲಿ ಹಡಗು ಇಳಿದವರ ಮಕ್ಕಳು. ಅಲ್ಲಿಯೂ ಮಂಜಿನ ಚಿತ್ರ ಬರುತ್ತದೆ, ಮನುಷ್ಯನ ಚಿತ್ರ ಬರುವುದಿಲ್ಲ.

ಬದುಳೆಯ ಆ ತೋಟದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೊರೆಯ ಬಂಗಲೆ ಈಗ ಅತಿಥಿಗೃಹವಾಗಿದೆ. ಗೇಟಿನಲ್ಲಿ ಕಾವಲಿನವನು ನಮ್ಮನ್ನು ಕಂಡು ನಗುಮುಖದಿಂದ ಬಾಗಿಲು ತೆರೆದ; ನಮಗೆ ಬಂಗಲೆ ಬೇಡ, ಲೈನು ನೋಡಬೇಕು ಎಂದಾಗ ಬಾಗಿಲು ಮುಚ್ಚಿದ. ಪ್ರವಾಸಿಗರಿಗೆ ಅಲ್ಲಿ ಪ್ರವೇಶವಿಲ್ಲವಂತೆ. ಕೊನೆಗೆ ರಸ್ತೆ ಬದಿಯ ಅಂಗಡಿಯವರು, ತಮಿಳು ಮಾತಾಡುವವರು, ಹಿಂದಿನ ದಾರಿಯಿಂದ ಕರೆದುಕೊಂಡು ಹೋದರು. ನನ್ನ ಮಿತ್ರರ ಮಲಯಾಳ, ನನ್ನ ಮುರುಕು ತಮಿಳು, ಅವರ ಬೆಟ್ಟದ ತಮಿಳು, ಮೂರೂ ಸೇರಿ ಹೇಗೋ ನಡೆಯಿತು. ಲೈನು ಇತ್ತು. ತಗಡಿನ ಮಾಡು, ಮುಂದೆ ಒಂದು ಗೇಣು ಚರಂಡಿ, ಬಾಗಿಲ ಪಕ್ಕದಲ್ಲಿ ಬಣ್ಣದಲ್ಲಿ ಬರೆದ ನಂಬರು. ಒಳಗೆ ಮೂರು ತಲೆಮಾರು. ದಿನಕ್ಕೆ ಹದಿನೆಂಟು ಕಿಲೋದಷ್ಟು ಕೊಳುಂದು ಕೊಯ್ದರೆ ಪೂರ್ತಿ ಕೂಲಿ. 2021ರಲ್ಲಿ ಆ ಕೂಲಿ ಅವರ ರೂಪಾಯಿಯಲ್ಲಿ 1000 ಆಗಬೇಕಾದರೆ ವರ್ಷಗಟ್ಟಲೆ ಹೋರಾಡಬೇಕಾಯಿತು. ಮರುವರ್ಷ ದೇಶವೇ ದಿವಾಳಿಯಾಗಿ ಆ ಸಾವಿರಕ್ಕೆ ಬೆಲೆ ಇಲ್ಲದಾಯಿತು. ಕೊನೆಯ ದೇಶವಿಲ್ಲದವರಿಗೆ ಪೌರತ್ವ ಕೊಡುವ ಕಾನೂನು ಬಂದದ್ದು 2003ರಲ್ಲಿ. ಒಬ್ಬಾಕೆ ಅಜ್ಜಿ ನನ್ನ ಕೈ ಹಿಡಿದು, ಹೋದವರು ಅಲ್ಲಿ ಚೆನ್ನಾಗಿದ್ದಾರೆಯೇ ಎಂದು ಕೇಳಿದಳು. ಮನೆ ಕಟ್ಟಿಸಿದ್ದಾರೆ, ಮಗಳು ನರ್ಸ್ ಎಂದೆ. ಭೂಮಿ ಉಂಟೋ ಎಂದಳು. ಇಲ್ಲ ಎಂದೆ. ಆಕೆ ತಲೆಯಾಡಿಸಿದಳು.

ಮೂರು ಚಿತ್ರ ತೆಗೆದುಕೊಂಡು ಹಪುತಳೆಗೆ ಬಂದೆವು. ಏಣಿನ ಮೇಲೆ ಕೂತ ಪೇಟೆ. ಒಂದು ಬದಿಗೆ ಬೆಟ್ಟ, ಇನ್ನೊಂದು ಬದಿಗೆ ಸಮುದ್ರದ ತನಕ ಬಯಲು. ಅಲ್ಲಿಂದ ಬೆರಗಲ ಮೂಲಕ ವೆಲ್ಲವಾಯಕ್ಕೆ ಇಳಿಯುವ ರಸ್ತೆಯಲ್ಲಿ ಕೊಸ್ಲಂದ ಎಂಬ ಊರು, ಅದರ ಮುಂದೆ ದಿಯಲುಮ ಜಲಪಾತ. 220 ಮೀಟರು ಎತ್ತರ, ಆ ದೇಶದಲ್ಲಿ ಎರಡನೆಯದು. ಬಸ್ಸುಗಳು ನಿಲ್ಲುತ್ತವೆ, ಜನ ಇಳಿಯುತ್ತಾರೆ, ಬಿಳಿಯರು ಮೇಲೆ ಹತ್ತಿ ಹೊಂಡದಲ್ಲಿ ಈಜುತ್ತಾರೆ. ಜಲಪಾತಕ್ಕೆ ಬರುವ ಮುಂಚೆ, ಕೊಸ್ಲಂದದ ಬಳಿ, ಮೀರಿಯಬೆದ್ದ ಎಂಬ ತೋಟ ಉಂಟು. 2014ರ ಅಕ್ಟೋಬರ್ 29ರ ಬೆಳಗ್ಗೆ ಗುಡ್ಡೆ ಕುಸಿದು ಅಲ್ಲಿನ ಲೈನುಗಳು ಜನರ ಸಮೇತ ಮಣ್ಣಿನಡಿಗೆ ಹೋದವು. ಆ ಜಾಗ ಅಪಾಯಕಾರಿ, ಜನರನ್ನು ಬೇರೆಡೆಗೆ ಕಳಿಸಬೇಕು ಎಂಬ ಎಚ್ಚರಿಕೆ ಅದಕ್ಕೆ ವರ್ಷಗಳ ಹಿಂದೆಯೇ ಇತ್ತು. ಬೇರೆಡೆ ಎಂದರೆ ಎಲ್ಲಿ? ಸ್ವಂತ ಭೂಮಿ ಇಲ್ಲದವನಿಗೆ ಬೇರೆಡೆ ಎಂಬುದು ಇರುವುದಿಲ್ಲ. ದಿಯಲುಮದ ಬಗ್ಗೆ ಕನ್ನಡದಲ್ಲಿ ನಾನು ಓದಿದ ನಾಲ್ಕು ಲೇಖನಗಳಲ್ಲಿ ನೀರಿನ ನೊರೆಯನ್ನು ಹಾಲಿಗೆ ಹೋಲಿಸದವರಿಲ್ಲ. ಮೀರಿಯಬೆದ್ದದ ಹೆಸರು ಒಂದರಲ್ಲೂ ಇರಲಿಲ್ಲ.

ಈಗ ಮಿತ್ರರು ನನ್ನನ್ನು ಕೇಳಬಹುದು, ಕೇಳಿದ್ದಾರೆ ಕೂಡ: "ಮಾಷ್ಟ್ರೇ, ವರ್ಷವಿಡೀ ದುಡಿದು ಹೆಂಡತಿ ಮಕ್ಕಳ ಜೊತೆ ನಾಲ್ಕು ದಿನ ಸಂತೋಷವಾಗಿ ಇರಲಿಕ್ಕೆ ಹೋಗುವುದು ತಪ್ಪಾ? ಹೋದಲ್ಲೆಲ್ಲ ಸತ್ತವರ ಲೆಕ್ಕ ತೆಗೆಯಬೇಕಾ?" ತಪ್ಪಲ್ಲ. ಸಮುದ್ರ ನೋಡಿ, ಮಿಂದು ಬನ್ನಿ, ಆಪ್ಪ ತಿನ್ನಿ. ಅವರ ಇಂದಿಆಪ್ಪ ನಮ್ಮ ಸೇಮಿಗೆಯೇ, ಅವರ ಗೊರಕ ನಮ್ಮ ಮಂತುಹುಳಿಯೇ, ಮಲಯಾಳದವರ ಕುಡಂಪುಳಿಯೇ. ತಿಂದು ಸುಖವಾಗಿ ಬನ್ನಿ. ಆದರೆ ಬಂದ ಮೇಲೆ ವಾಚನಾಲಯದ ವೇದಿಕೆ ಹತ್ತಿ, ಕನ್ನಡದ ಮಕ್ಕಳ ಮುಂದೆ, 'ಅಲ್ಲಿ ನೋಡುವಂಥದ್ದು ಏನಿಲ್ಲ' ಎಂದು ಸರ್ಟಿಫಿಕೇಟು ಕೊಡಬೇಡಿ. ಕಾರಂತರ 'ಅಪೂರ್ವ ಪಶ್ಚಿಮ' ಓದಿ ಬೆಳೆದವರು ನಾವು. ಮಲಯಾಳದವರಿಗೆ ಪೊಟ್ಟೆಕ್ಕಾಟ್ಟ್ ಇದ್ದರು. ಅವರು ಊರು ನೋಡಿದರು ಎಂದರೆ ಅಲ್ಲಿನ ಸಂತೆ, ಶಾಲೆ, ಅಂಗಡಿಯ ದರ, ಜನರ ಮುಖ ನೋಡಿದರು. ಈಗಿನ ಪ್ರವಾಸ ಕಥನದಲ್ಲಿ ಹೋಟೆಲಿನ ಬೆಳಗಿನ ಉಪಾಹಾರ ಎಷ್ಟು ಬಗೆ ಎಂಬುದಕ್ಕೆ ಒಂದು ಪುಟ ಮೀಸಲು.

ಇನ್ನೊಂದು ಬಣವಿದೆ. ನನಗೆ ಅವರ ಮೇಲೆ ಇನ್ನೂ ಹೆಚ್ಚು ಸಿಟ್ಟು. ಅವರು ಪ್ಯಾಕೇಜಿನವರನ್ನು ಕಂಡು ಮೂಗು ಮುರಿಯುವವರು, ಬೆನ್ನಿಗೆ ಚೀಲ ಹಾಕಿ 'ಯಾರೂ ಹೋಗದ ಕಡೆ' ಹೋಗುವವರು. ನನ್ನ ತಮ್ಮನ ಮಗನೇ ಅಂಥವನು. ಅಪರಿಚಿತ ಪ್ರಾಂತ ಎಂದರೆ ಅವರಿಗೆ ಬಾಯಿಯಲ್ಲಿ ನೀರು. ಅವರು ಹೋದ ಮೂರನೆಯ ವರ್ಷಕ್ಕೆ ಅಲ್ಲಿ ಕಾಫಿ ಅಂಗಡಿ, ಐದನೆಯ ವರ್ಷಕ್ಕೆ ಹೋಟೆಲು, ಹತ್ತನೆಯ ವರ್ಷಕ್ಕೆ ಊರಿನವನಿಗೆ ಊರಿನಲ್ಲಿ ಸೆಂಟು ಜಾಗ ಕೊಳ್ಳುವ ತಾಕತ್ತು ಇಲ್ಲ. ಎಲ್ಲ ಎಂಬ ಊರು ಹೀಗೆ ಆದದ್ದನ್ನು ಕಣ್ಣಾರೆ ನೋಡಿದೆ. ಅರುಗಂ ಕೊಲ್ಲಿಯ ಕಥೆ ಇದಕ್ಕಿಂತ ಕಹಿ.

ಅರುಗಂ ಕೊಲ್ಲಿ ಇರುವುದು ಪೂರ್ವ ಪ್ರಾಂತದ ಅಂಪಾರೆ ಜಿಲ್ಲೆಯಲ್ಲಿ, ಪೊತ್ತುವಿಲ್ ಪಕ್ಕದಲ್ಲಿ. ತಮಿಳು ಮಾತಾಡುವ ಮುಸಲ್ಮಾನರೇ ಹೆಚ್ಚಾಗಿರುವ ಪೇಟೆ. ಅಲೆಯ ಮೇಲೆ ಹಲಗೆ ಹಾಕಿ ಜಾರುವ ಆಟಕ್ಕೆ ಲೋಕಪ್ರಸಿದ್ಧ ಜಾಗ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಶ್ರೀಲಂಕೆಯಲ್ಲಿ ಸತ್ತವರು 30,000ಕ್ಕೂ ಮಿಕ್ಕಿ. ಅಂಪಾರೆಯಷ್ಟು ಜನರನ್ನು ಕಳಕೊಂಡ ಜಿಲ್ಲೆ ಇನ್ನೊಂದಿಲ್ಲ. ಆಮೇಲೆ ಸರಕಾರ, ಕಡಲಿನಿಂದ ದಕ್ಷಿಣ-ಪಶ್ಚಿಮದಲ್ಲಿ 100 ಮೀಟರು, ಉತ್ತರ-ಪೂರ್ವದಲ್ಲಿ 200 ಮೀಟರು ಒಳಗೆ ಯಾರೂ ಮನೆ ಕಟ್ಟಬಾರದೆಂದು ಗೆರೆ ಎಳೆಯಿತು. ಒಂದೇ ಕಡಲಿಗೆ ಎರಡು ಅಳತೆ! ಅದಾದರೂ ಇರಲಿ. ಮೀನುಗಾರನ ಗುಡಿಸಲಿಗೆ ಅಪಾಯ ಎಂದ ಸಮುದ್ರವು ಹೋಟೆಲಿಗೆ ಮಾತ್ರ ಅಪಾಯವಲ್ಲವಾಯಿತು. ಪ್ರವಾಸೋದ್ಯಮಕ್ಕೆ ರಿಯಾಯಿತಿ ಕೊಟ್ಟರು. ಜನ ಬೀದಿಗಿಳಿದು ಬೊಬ್ಬೆ ಹಾಕಿದ ಮೇಲೆ ಗೆರೆ ಸಡಿಲವಾಯಿತು. ಆದರೆ ಅಷ್ಟರಲ್ಲಿ ದೋಣಿ ಇಡುವ ಜಾಗ ಎಷ್ಟೋ ಹೋಗಿತ್ತು. ಇನ್ನೂ ದಕ್ಷಿಣಕ್ಕೆ ಪಾನಮ ಎಂಬ ಹಳ್ಳಿ. 2010ರಲ್ಲಿ ಅಲ್ಲಿನ ರೈತರನ್ನು ಹೊಲದಿಂದ ಎಬ್ಬಿಸಿ ಸೈನ್ಯದ ಶಿಬಿರ ಮಾಡಿದರು, ಆ ಜಾಗದಲ್ಲಿ ಪ್ರವಾಸಿಗರ ಕುಟೀರಗಳೂ ಎದ್ದವು. ಯುದ್ಧ ಮುಗಿದದ್ದು 2009ರ ಮೇಯಲ್ಲಿ. ಯುದ್ಧ ಮುಗಿದ ಮೇಲೆ ಸೈನ್ಯ ಹೋಟೆಲು ನಡೆಸುವ ದೇಶದಲ್ಲಿ 'ಮುಟ್ಟದ ತೀರ' ಎಂದರೆ ಯಾರು ಮುಟ್ಟದಂತೆ ನೋಡಿಕೊಂಡ ತೀರ ಎಂದು ಒಮ್ಮೆಯಾದರೂ ಕೇಳಬೇಡವೇ?

ಕೇಳಲಿಕ್ಕೆ ಭಾಷೆ ಬೇಕು, ನಿಜ. ವೆಲ್ಲವಾಯದಿಂದ ಮೊನರಾಗಲಕ್ಕೆ ಹೋಗುವ ಬಸ್ಸಿನ ಬೋರ್ಡು ಬರೀ ಸಿಂಹಳದಲ್ಲಿತ್ತು. ದುಂಡು ದುಂಡಾದ ಅಕ್ಷರ. ದೂರದಿಂದ ಕಂಡರೆ ನಮ್ಮದೇ ಅನ್ನಿಸುತ್ತದೆ, ಹತ್ತಿರ ಹೋದರೆ ಒಂದೂ ಹತ್ತುವುದಿಲ್ಲ. 1987ರ ತಿದ್ದುಪಡಿಯಿಂದ ತಮಿಳೂ ಅಲ್ಲಿ ಅಧಿಕೃತ ಭಾಷೆ. ರೈಲು ನಿಲ್ದಾಣದ ಹಲಗೆಯಲ್ಲಿ ಮೂರು ಭಾಷೆ ಉಂಟು. ಆದರೆ ಹಲಗೆಯಲ್ಲಿ ಇದ್ದದ್ದು ಕೌಂಟರಿನಲ್ಲಿ ಇರುವುದಿಲ್ಲ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್ಡಿನ ಮುಂದೆ ಬೆಪ್ಪಾಗಿ ನಿಂತಾಗ ಪಕ್ಕದಲ್ಲಿದ್ದ ಮಲಯಾಳದ ಮಿತ್ರರು ನನ್ನನ್ನು ನೋಡಿ, "ನಮ್ಮ ಜಿಲ್ಲೆಯ ಬಸ್ಸಿನ ಮುಂದೆ ನಿಮ್ಮ ತಾಯಿ ಹೀಗೆಯೇ ನಿಲ್ಲುತ್ತಿದ್ದರಲ್ಲ ಮಾಷೇ" ಎಂದರು. ಮೂವತ್ತೈದು ವರ್ಷದ ಸ್ನೇಹದಲ್ಲಿ ಅವರು ಈ ಮಾತು ಆಡಿದ್ದು ಮೊದಲ ಸಲ. ನಾನು ಏನೂ ಹೇಳಲಿಲ್ಲ. ಅವರು ಹೋಗಿ ಬಸ್ಸು ಯಾವುದೆಂದು ವಿಚಾರಿಸಿ ಬಂದರು.

ನೋಡುವಂಥದ್ದು ಏನಿಲ್ಲ ಎಂದ ಆ ಮೊನರಾಗಲ ಜಿಲ್ಲೆಯಲ್ಲಿ ಬುದುರುವಗಲ ಎಂಬಲ್ಲಿ ಬಂಡೆಯಲ್ಲಿ ಕಡೆದ ಏಳು ಮೂರ್ತಿಗಳಿವೆ. ನಡುವಿನ ಬುದ್ಧ ಸುಮಾರು 50 ಅಡಿ. ನಮ್ಮ ಕಾರ್ಕಳದ ಗೊಮ್ಮಟನಿಗಿಂತ ಎತ್ತರ. ನಾವು ಹೋದಾಗ ಅಲ್ಲಿ ಇದ್ದದ್ದು ಒಬ್ಬ ಮುದುಕ, ಎರಡು ನಾಯಿ. ವೆಲ್ಲಸ್ಸ ಎಂಬ ಆ ಸೀಮೆಯ ಹೆಸರಿಗೆ ಲಕ್ಷ ಗದ್ದೆ ಎಂದು ಅರ್ಥ ಹೇಳುತ್ತಾರೆ. ಈಗ ಅದು ದೇಶದ ಬಡ ಜಿಲ್ಲೆಗಳಲ್ಲಿ ಒಂದು. ಲಕ್ಷ ಗದ್ದೆ ಎಲ್ಲಿ ಹೋಯಿತು? 1817-18ರಲ್ಲಿ ಊವ ಪ್ರಾಂತ ಇಂಗ್ಲಿಷರ ವಿರುದ್ಧ ಎದ್ದಿತು. ದಂಗೆ ಅಡಗಿಸಲು ಕಳಿಸಿದ ಕೆಪ್ಪೆಟಿಪೊಲ ದಿಸಾವೆ ಎಂಬ ಅಧಿಕಾರಿಯೇ ದಂಗೆಯವರನ್ನು ಸೇರಿಕೊಂಡ. ಇಂಗ್ಲಿಷರು ಊರು ಸುಟ್ಟರು, ಕೆರೆಯ ಏರಿ ಒಡೆದರು, ಬೆಳೆ ನಾಶಮಾಡಿದರು, ದನ ಕೊಂದರು. 1818ರ ನವೆಂಬರದಲ್ಲಿ ಕೆಪ್ಪೆಟಿಪೊಲನ ತಲೆ ಕಡಿದು ಬುರುಡೆಯನ್ನು ಎಡಿನ್‌ಬರೋಗೆ ಒಯ್ದರು. ಅದು ಊರಿಗೆ ಮರಳಿದ್ದು ದೇಶ ಸ್ವತಂತ್ರವಾದ ಮೇಲೆ. ಇದಕ್ಕೆ ಹತ್ತೊಂಬತ್ತು ವರ್ಷದ ನಂತರ, 1837ರಲ್ಲಿ, ಸುಳ್ಯದಿಂದ ಎದ್ದು ಮಂಗಳೂರಿನವರೆಗೆ ಹೋದ ಕಲ್ಯಾಣಪ್ಪನ ದಂಗೆಯನ್ನು ನಾವು ಸಭೆಗಳಲ್ಲಿ ಎದೆ ತಟ್ಟಿ ಹೇಳಿಕೊಳ್ಳುತ್ತೇವೆ. ಅದನ್ನು ಮೈಸೂರಿನ ಕಡೆಯವರು ಕೇಳಿಲ್ಲ ಎಂದು ಬೇಸರಪಡುತ್ತೇವೆ. ಹಾಗೆ ಬೇಸರಪಡುವವನಿಗೆ ಊವ ಪ್ರಾಂತ ಅಪರಿಚಿತ ಆಗುವುದು ಹೇಗೆ ಸ್ವಾಮಿ? ತನ್ನದೇ ಮುಖ ಕನ್ನಡಿಯಲ್ಲಿ ಕಂಡ ಹಾಗೆ ಆಗಬೇಕಲ್ಲವೇ?

ಯಾಳ್ಪಾಣಕ್ಕೆ ಹೋಗಲು ನಮಗೆ ದಿನ ಸಾಲಲಿಲ್ಲ. 1981ರಲ್ಲಿ ಸುಟ್ಟ ಆ ಗ್ರಂಥಾಲಯ, ಅದರೊಂದಿಗೆ ಬೂದಿಯಾದ ಸುಮಾರು 97,000 ಪುಸ್ತಕಗಳ ಸಂಗತಿ, ಮತ್ತೆ ಕಟ್ಟಿದ ಬಿಳಿಯ ಕಟ್ಟಡ. ಅದನ್ನು ನೋಡದೆ ಬಂದೆನಲ್ಲ ಎಂಬ ಕೊರಗು ಉಂಟು. ಮತ್ತೊಮ್ಮೆ ಹೋದರೆ ಮೊದಲು ಅಲ್ಲಿಗೆ.

ನಮ್ಮ ಈ ವಾರ್ಷಿಕಕ್ಕೆ ಪ್ರವಾಸ ಲೇಖನ ಬರೆಯುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಚಿತ್ರದಲ್ಲಿ ನಿಲ್ಲಿಸಿಕೊಂಡ ಹೆಂಗಸಿನ ಹೆಸರು ಕೇಳಿ. ಆಕೆಯ ಮಕ್ಕಳು ಯಾವ ಭಾಷೆಯಲ್ಲಿ ಕಲಿಯುತ್ತಾರೆ ಎಂದು ಕೇಳಿ. ಎರಡು ನಿಮಿಷದ ಕೆಲಸ. ನಾನು ನುವರ ಎಲಿಯದಲ್ಲಿ ಕೇಳಲಿಲ್ಲ. ಆಕೆಗೆ ಇನ್ನೂರು ರೂಪಾಯಿ ಕೊಟ್ಟು ಬಂದೆ. ಈಗ ಆ ಚಿತ್ರ ನೋಡಿದಾಗಲೆಲ್ಲ ಮುಖಕ್ಕೆ ಬಿಸಿ ಏರುತ್ತದೆ.

ಊರಿಗೆ ಬಂದ ಮರುದಿನ ಹಿರಿಯರಿಗೆ ಮೂರು ಚಿತ್ರ ಕೊಟ್ಟೆ. ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇದು ಕೆಳಗಿನ ಸಾಲು. ನಮ್ಮದು ಮೇಲಿನ ಸಾಲು, ನಾಲ್ಕನೆಯದು" ಎಂದರು. ಮೇಲೆ ಹತ್ತಲು ನನ್ನ ಮೊಣಗಂಟು ಬಿಟ್ಟಿರಲಿಲ್ಲ. ಅದನ್ನೂ ಹೇಳಿದೆ.

2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಶ್ರೀಲಂಕೆಗೆ ಹೊಡೆಯಿತು. 600ಕ್ಕೂ ಮಿಕ್ಕಿ ಜನ ಸತ್ತರು. ಬದುಳೆ, ನುವರ ಎಲಿಯ, ಕ್ಯಾಂಡಿಯ ಬೆಟ್ಟಗಳು ಜಾರಿದವು, ಬದುಳೆಯ ರೈಲು ಹಳಿ ಎಷ್ಟೋ ಕಡೆ ಕಿತ್ತುಹೋಯಿತು. ಹಿರಿಯರು ಬೆಳಗ್ಗೆಯೇ ಬಂದು ಜಗಲಿಯಲ್ಲಿ ಕೂತರು. ಮಲಯಾಳದ ಮಿತ್ರರು ಆ ಅಂಗಡಿಯವರಿಗೆ ಫೋನು ಮಾಡುತ್ತಲೇ ಇದ್ದರು. ಹೋಗುತ್ತಿರಲಿಲ್ಲ. ಆ ವಾರವೇ ನಮ್ಮ ವಾಚನಾಲಯದ ಮಿತ್ರರ ಫೋನು ಬಂತು. ಜನವರಿಗೆ 'ಅಪರಿಚಿತ ಶ್ರೀಲಂಕಾ' ಎಂಬ ಹೊಸ ಪ್ಯಾಕೇಜಿಗೆ ಹದಿನಾಲ್ಕು ಜನ ದುಡ್ಡು ಕಟ್ಟಿದ್ದಾರೆ, ಆ ಒಂಬತ್ತು ಕಮಾನಿನ ಸೇತುವೆಗೆ ಏನಾದರೂ ಆಗಿದೆಯೋ ಎಂದು ವಿಚಾರಿಸಿದರು.

ಒಂಬತ್ತನೆಯ ದಿನ ಅಂಗಡಿಯವರು ಫೋನು ಎತ್ತಿದರು. ಕೆಳಗಿನ ಸಾಲು ಉಂಟು, ಮೇಲಿನ ಸಾಲಿನ ಹಿಂದೆ ಮಣ್ಣು ಬಂದಿದೆ, ಎಲ್ಲರನ್ನೂ ಶಾಲೆಯಲ್ಲಿ ಇರಿಸಿದ್ದಾರೆ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಶಾಲೆ ಅಂದರೆ ಆ ಹಳೆಯ ಶಾಲೆಯಾ, ಮಾಷ್ಟ್ರೇ? ಅದರ ಅಡಿಯಲ್ಲಿ ತೋಡು ಹರಿಯುತ್ತದೆ. ಕೇಳಿ ನೋಡಿ, ತೋಡಿನ ನೀರು ಎಷ್ಟು ಏರಿದೆ ಅಂತ."